ಸಗಟು ಸಂಸಾರ

ನಮ್ಮಾಕೆ ಮಂಡ್ಯಕ್ಕೆ ಹೋಗಿಬರುವುದು ಪುಕ್ಕಟೆ. ನಾನು ಹೋಗಿಬಂದರೆ ಟಿಕೆಟ್ಟು. 2023ರ ಜೂನ್ 11ಕ್ಕೆ ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಶುರುವಾಯಿತಲ್ಲ, ಅವತ್ತಿನಿಂದ ನಮ್ಮ ಮನೆಯ ಲೆಕ್ಕಾಚಾರವೆಲ್ಲ ಈ ಒಂದು ಸಾಲಿನ ಮೇಲೇ ನಡೆಯುತ್ತಿದೆ. ಮೂವತ್ತೆರಡು ವರ್ಷ ಮಕ್ಕಳಿಗೆ ಲಾಭ-ನಷ್ಟದ ಲೆಕ್ಕ ಹೇಳಿಕೊಟ್ಟ ಮೇಷ್ಟ್ರು ನಾನು. ‘ಒಬ್ಬ ವ್ಯಾಪಾರಿ ನೂರು ಮಾವಿನಹಣ್ಣು ಕೊಂಡು...’ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಆ ನೂರು ಹಣ್ಣು ಹೊತ್ತವನು ಯಾರು, ಬಸ್ ಚಾರ್ಜು ಕೊಟ್ಟವನು ಯಾರು ಎಂದು ಯಾವ ಹುಡುಗನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ರಿಟೈರಾದ ಮೇಲೆ ಉತ್ತರ ಗೊತ್ತಾಗಿದೆ. ಇಬ್ಬರೂ ಒಬ್ಬನೇ.

ಶುರುವಾದದ್ದು ತೊಗರಿಬೇಳೆಯಿಂದ. ಯಾರದೋ ಮನೆಯ ನಾಮಕರಣಕ್ಕೆ ಮಂಡ್ಯಕ್ಕೆ ಹೋದವಳು ದಾರಿಯಲ್ಲಿ ಒಂದು ದೊಡ್ಡಂಗಡಿ ಹೊಕ್ಕು ಬಂದಳು. ಗಾಜಿನ ಬಾಗಿಲು, ಒಳಗೆ ತಣ್ಣಗೆ ಗಾಳಿ, ತಳ್ಳಿಕೊಂಡು ಹೋಗುವ ಗಾಡಿ, ಅಂಥ ಅಂಗಡಿ. ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದ್ದು: “ರೀ, ಬೇಳೆ ನಮ್ ಶೆಟ್ರಂಗಡಿಗಿಂತ ಕೇಜಿಗೆ ಹನ್ನೆರ್ಡು ರೂಪಾಯಿ ಕಮ್ಮಿ ಕನ್ರೀ. ಹತ್ತು ಕೇಜಿ ತಕ್ಕೊಂಡ್ರೆ ಇನ್ನೂ ಕಮ್ಮಿ.”

“ತಕ್ಕೊಂಡು ಬರಬೇಕಿತ್ತು.”

“ಹತ್ತು ಕೇಜಿ ಹೊತ್ಕೊಂಡ್ ಬರಾದ್ ಯಾರು? ನೀವೂ ಬನ್ನಿ.”

ನೋಡಿ, ಅವಳಿಗೆ ಬಸ್ಸು ಪುಕ್ಕಟೆಯಾದದ್ದರಿಂದ ನನ್ನ ಬೆನ್ನಿಗೆ ಕೆಲಸ ಬಂತು. ಮುಂದಿನ ತಿಂಗಳು ಒಂದನೇ ತಾರೀಖು ಪಿಂಚಣಿ ಬಿದ್ದ ಕೂಡಲೇ ಹೊರಟೆವು. ಮದ್ದೂರಿನಿಂದ ಮಂಡ್ಯಕ್ಕೆ ಇಪ್ಪತ್ತು ಕಿಲೋಮೀಟರು ಚಿಲ್ಲರೆ. ಹೋಗುವಾಗ ಎಡಕ್ಕೂ ಬಲಕ್ಕೂ ಗದ್ದೆ, ಕಬ್ಬು, ತೆಂಗು. ನಮ್ಮ ಮದ್ದೂರಿನಲ್ಲೇ ಅಕ್ಕಿ ಗಿರಣಿಗಳು ಸಾಲುಸಾಲಾಗಿವೆ. ಭತ್ತ ಬೆಳೆಯುವ ತಾಲ್ಲೂಕಿನವನು, ಗಿರಣಿಯ ಹೊಟ್ಟಿನ ಗಾಳಿ ಕುಡಿದು ಬೆಳೆದವನು, ಬಸ್ಸು ಹತ್ತಿ ಮಂಡ್ಯಕ್ಕೆ ಹೋಗಿ ಅಕ್ಕಿ ಹೊತ್ತು ತಂದೆ ಎಂದರೆ ನಮ್ಮಪ್ಪ ಇದ್ದಿದ್ದರೆ ಪಂಚೆ ಎತ್ತಿಕಟ್ಟಿ ಹೊಡೆಯಲು ಬರುತ್ತಿದ್ದರು.

ಆ ಅಂಗಡಿಯಲ್ಲಿ ನನಗೊಂದು ಜ್ಞಾನೋದಯವಾಯಿತು. ಅಕ್ಕಿ ಮೂಟೆಗಳ ಮುಂದೆ ನಿಂತು ನೋಡುತ್ತೇನೆ, ಎಲ್ಲಾ ಇಪ್ಪತ್ತಾರು ಕೇಜಿಯವು. ಇಪ್ಪತ್ತೈದು ಗೊತ್ತು, ಐವತ್ತು ಗೊತ್ತು. ಇದ್ಯಾವ ಲೆಕ್ಕ ಇಪ್ಪತ್ತಾರು? ಕೊಸರು ಹಾಕಿದ್ದಾರೇನೋ ಅಂದುಕೊಂಡೆ. ಅಲ್ಲ. 2022ರ ಜುಲೈ 18ರಿಂದ ಮೊದಲೇ ತೂಕ ಮಾಡಿ ಚೀಟಿ ಅಂಟಿಸಿದ ಅಕ್ಕಿ, ಬೇಳೆ, ಹಿಟ್ಟಿಗೆಲ್ಲ ನೂರಕ್ಕೆ ಐದರಂತೆ ಜಿಎಸ್‌ಟಿ ಬಂತು. ಆದರೆ ಆ ತೆರಿಗೆ ಇಪ್ಪತ್ತೈದು ಕೇಜಿಯವರೆಗಿನ ಚೀಲಕ್ಕೆ ಮಾತ್ರ. ಅದಕ್ಕಿಂತ ಒಂದು ಹಿಡಿ ಜಾಸ್ತಿಯಾದರೆ ತೆರಿಗೆ ಇಲ್ಲ. ಗಿರಣಿಯವರು ಬುದ್ಧಿವಂತರು, ಚೀಲಕ್ಕೆ ಇನ್ನೊಂದು ಕೇಜಿ ಸುರಿದು ಬಾಯಿ ಹೊಲಿದುಬಿಟ್ಟರು.

ಕೇಜಿಗೆ ಅರವತ್ತು ರೂಪಾಯಿ ಅಂತಿಟ್ಟುಕೊಳ್ಳಿ. ಇಪ್ಪತ್ತೈದು ಕೇಜಿಗೆ 1500, ತೆರಿಗೆ 75, ಒಟ್ಟು 1575. ಇಪ್ಪತ್ತಾರು ಕೇಜಿಗೆ 1560, ಅಷ್ಟೇ. ಒಂದು ಕೇಜಿ ಅಕ್ಕಿಯೂ ಹೆಚ್ಚು, ಹದಿನೈದು ರೂಪಾಯಿಯೂ ಉಳಿತಾಯ! ಇಂಥ ಒಂದು ಲೆಕ್ಕವನ್ನು ನಾನು ಏಳನೇ ಕ್ಲಾಸಿನ ಪರೀಕ್ಷೆಗೆ ಕೊಟ್ಟಿದ್ದರೆ ಮಕ್ಕಳ ಅಪ್ಪಂದಿರು ಬಂದು ‘ಮೇಷ್ಟ್ರಿಗೆ ತಲೆ ಕೆಟ್ಟಿದೆ’ ಎಂದು ಹೆಡ್‌ಮಾಸ್ಟರಿಗೆ ದೂರು ಕೊಡುತ್ತಿದ್ದರು. ಬಡವ ಕೂಲಿ ಸಿಕ್ಕಿದ ದಿನ ಒಂದು ಕೇಜಿ ಪೊಟ್ಟಣ ತಂದರೆ ಅವನಿಗೆ ತೆರಿಗೆ. ಮೂಟೆ ತರುವ ತಾಕತ್ತಿದ್ದವನಿಗೆ ಇಲ್ಲ. ಸಗಟು ಕೊಳ್ಳುವುದು ಲಾಭವೋ ಎಂದು ಕೇಳಿದವರಿಗೆ ನಾನು ಮೊದಲು ತೋರಿಸುವುದು ಈ ಇಪ್ಪತ್ತಾರನೇ ಕೇಜಿಯನ್ನು.

ಆದರೆ ಆ ಇಪ್ಪತ್ತಾರನೇ ಕೇಜಿಯನ್ನೂ ಹೊರಬೇಕಲ್ಲ! ದೊಡ್ಡಂಗಡಿಯಿಂದ ಬಸ್‌ಸ್ಟ್ಯಾಂಡಿಗೆ ಆಟೋ. ಬಸ್ಸಿನಲ್ಲಿ ಕಂಡಕ್ಟರು ನಮ್ಮಾಕೆಯ ಆಧಾರ್ ಕಾರ್ಡು ನೋಡಿದ, ಮೂಟೆಯನ್ನು ನೋಡಿದ, ನನ್ನನ್ನು ನೋಡಿದ. ನನಗೆ ಆ ಸೌಲಭ್ಯ ಇರಲಿಲ್ಲ. ಮದ್ದೂರಿನಲ್ಲಿ ಇಳಿದಾಗ ಇಬ್ಬರಿಗೂ ಹಸಿವು. ಈ ಊರಲ್ಲಿ ಹಸಿವಾದರೆ ಮನುಷ್ಯನಿಗೆ ಬೇರೆ ದಾರಿ ಇಲ್ಲ. 1917ರಲ್ಲಿ ಮದ್ದೂರು ರೈಲ್ವೆ ಸ್ಟೇಷನ್ನಿನಲ್ಲಿ ರಾಮಚಂದ್ರ ಬುಧ್ಯ ಎಂಬುವರು ರೈಲಿನ ಹೊತ್ತಾಯಿತೆಂಬ ಅವಸರದಲ್ಲಿ ಇದ್ದ ಹಿಟ್ಟು ಕಲಸಿ ಕರಿದರಂತೆ, ಅದೇ ಮದ್ದೂರು ವಡೆಯಾಯಿತು ಎನ್ನುತ್ತಾರೆ. ಅವಸರದಲ್ಲಿ ಹುಟ್ಟಿದ್ದಕ್ಕೋ ಏನೋ ಅದನ್ನು ನೋಡಿದವರಿಗೂ ಅವಸರವಾಗುತ್ತದೆ. ತಲಾ ಎರಡು ತಿಂದೆವು, ಕಾಫಿ ಕುಡಿದೆವು. ಅಲ್ಲಿಂದ ಮನೆಗೆ ಇನ್ನೊಂದು ಆಟೋ.

ಮನೆಗೆ ಬಂದು ಜಗುಲಿಯ ಮೇಲೆ ಕೂತು ಲೆಕ್ಕ ಹಾಕಿದೆ. ಸಾಮಾನಿನಲ್ಲಿ ಉಳಿದದ್ದು 212 ರೂಪಾಯಿ. ನನ್ನ ಟಿಕೆಟ್ಟು, ಎರಡು ಆಟೋ, ವಡೆ, ಕಾಫಿ ಎಲ್ಲ ಸೇರಿ ಖರ್ಚು 298. ಮಾರನೆಯ ದಿನ ಸೊಂಟಕ್ಕೆ ಹಚ್ಚಿದ ಮುಲಾಮು ಬೇರೆ. ಇದನ್ನು ತೋರಿಸಿದೆ. ನಮ್ಮಾಕೆ ಮಳವಳ್ಳಿ ಕಡೆಯ ಹೆಣ್ಣು, ಸುಲಭಕ್ಕೆ ಸೋಲುವವಳಲ್ಲ.

“ವಡೆ ತಿಂದಿದ್ದು ಹೊಟ್ಟೆಗೆ. ಅದ್ನ ಯಾಕ್ರೀ ಬೇಳೆ ಲೆಕ್ಕಕ್ಕೆ ಹಾಕ್ತೀರಿ?”

ಮೂವತ್ತೆರಡು ವರ್ಷದ ಅನುಭವಕ್ಕೆ ಉತ್ತರ ಹೊಳೆಯಲಿಲ್ಲ.

*

ಈ ಸಂಗತಿ ಶೆಟ್ಟರ ಕಿವಿಗೆ ಬೀಳಲು ಒಂದು ದಿನವೂ ಹಿಡಿಯಲಿಲ್ಲ. ಆಟೋದಲ್ಲಿ ಮೂಟೆ ಇಳಿದದ್ದನ್ನು ಇಡೀ ಕೇರಿ ನೋಡಿತ್ತು. ಸತ್ಯಾಗ್ರಹ ಸೌಧದ ಕಡೆ ವಾಕಿಂಗ್ ಹೊರಟವನನ್ನು ಶೆಟ್ಟರು ಅಂಗಡಿಯೊಳಗಿಂದಲೇ ಮಾತಾಡಿಸಿದರು.

“ಏನ್ ಮೇಷ್ಟ್ರೇ, ಮಂಡ್ಯದಲ್ಲಿ ವ್ಯಾಪಾರ ಜೋರಂತೆ?”

“ಹಂಗೇನಿಲ್ಲ ಶೆಟ್ರೇ, ಏನೋ ಮನೇವ್ರು...”

“ಮಾಡಿ ಮಾಡಿ. ನಾವೂ ಅಲ್ಲಿಂದ್ಲೇ ತರಾದು. ಚಕ್ಕೆ ಲವಂಗ ಮುಗ್ದಾಗ ಬನ್ನಿ, ಅದ್ಕೆ ಮಂಡ್ಯ ಬಸ್ ಹತ್ಬೇಡಿ.”

ಶೆಟ್ಟರ ಅಂಗಡಿಗೂ ದೊಡ್ಡಂಗಡಿಗೂ ಇರುವ ವ್ಯತ್ಯಾಸ ಹನ್ನೆರಡು ರೂಪಾಯಿಯದಲ್ಲ. ಶೆಟ್ಟರಲ್ಲಿ ಒಂದು ಉದ್ದನೆಯ ಬುಕ್ಕು ಇದೆ. ಅದರಲ್ಲಿ ನಮ್ಮ ಹೆಸರಿಗೆ ಒಂದು ಪುಟ. ತಿಂಗಳ ಕೊನೆಯ ವಾರದಲ್ಲಿ “ಬರ್ಕೊಳಿ ಶೆಟ್ರೇ” ಎಂದರೆ ಬರೆದುಕೊಳ್ಳುತ್ತಾರೆ. ನಾನು ಬಾಡಿಗೆ ಮನೆಯಲ್ಲಿದ್ದಾಗ, ಸಂಬಳ ಎರಡು ತಿಂಗಳು ತಡವಾದಾಗ, ಅಪ್ಪ ತೀರಿಕೊಂಡು ತಿಥಿಯ ಸಾಮಾನು ತಂದಾಗ, ಬಡ್ಡಿಯಿಲ್ಲದೆ ಬರೆದುಕೊಂಡವರು ಅವರು. ದೊಡ್ಡಂಗಡಿಯಲ್ಲಿ “ಬರ್ಕೊಳಮ್ಮ” ಎಂದು ಆ ಕೌಂಟರಿನ ಹುಡುಗಿಗೆ ಹೇಳಿ ನೋಡಿ! ಸೆಕ್ಯುರಿಟಿಯವನು ಬರುತ್ತಾನೆ.

ಮತ್ತೆ ಕೊಸರು. ಈಗಿನ ಹುಡುಗರಿಗೆ ಈ ಪದವೇ ಗೊತ್ತಿಲ್ಲ. ಒಂದು ಕೇಜಿ ಕಡಲೆಕಾಯಿ ತೂಗಿ ಆದಮೇಲೆ ಒಂದು ಹಿಡಿ ಮೇಲೆ ಹಾಕುತ್ತಾರಲ್ಲ, ಅದು. ಸಂತೆಯಲ್ಲಿ ಸೊಪ್ಪಿನವಳ ಜೊತೆ ಕೊಸರಿಗಾಗಿ ಜಗಳವಾಡದೆ ಬಂದವಳನ್ನು ನಮ್ಮವ್ವ ಸೊಸೆ ಎಂದೇ ಒಪ್ಪುತ್ತಿರಲಿಲ್ಲ. ಈ ಕಾಲದ ಕಂಪನಿಗಳೂ ಕೊಸರು ಕೊಡುತ್ತವೆ, ಆದರೆ ಅದಕ್ಕೆ ಕಾಸು ಕೇಳುತ್ತವೆ. 2024ರ ಜೂನಿನಲ್ಲಿ ನಂದಿನಿ ಹಾಲಿನ ಪ್ರತಿ ಪ್ಯಾಕೆಟ್ಟಿಗೂ ಐವತ್ತು ಎಂ.ಎಲ್. ಹೆಚ್ಚು ತುಂಬಿ ಎರಡು ರೂಪಾಯಿ ಏರಿಸಿದರು, ನೆನಪಿದೆಯಾ? ನಿನಗೆ ಬೇಕೋ ಬೇಡವೋ, ಐವತ್ತು ಎಂ.ಎಲ್. ತಗೋ. ಮಂಡ್ಯ ಜಿಲ್ಲೆಯ ಹಾಲೆಲ್ಲ ಹೋಗಿ ಸೇರುವ ಡೈರಿ ನಮಗೆ ಪಕ್ಕದ ಗೆಜ್ಜಲಗೆರೆಯಲ್ಲೇ ಇದೆ. ಹಾಲು ಕೊಡುವ ಹಸು ಇನ್ನೂ ಪಕ್ಕದಲ್ಲಿ. ಅವಕ್ಕೂ ಈ ಐವತ್ತರ ಸುದ್ದಿ ತಿಳಿದಿರಲಿಲ್ಲ. 2025ರ ಏಪ್ರಿಲಿನಲ್ಲಿ ರೇಟು ಇನ್ನೊಮ್ಮೆ ಏರಿತು; ಆ ಐವತ್ತು ಎಂ.ಎಲ್. ವಾಪಸ್ ಹೋಯಿತು. ಎರಡು ರೂಪಾಯಿ ವಾಪಸ್ ಬರಲಿಲ್ಲ. ಕೊಸರು ಕೊಟ್ಟು ಕಿತ್ತುಕೊಳ್ಳುವ ಈ ಕೆಲಸವನ್ನು ನಮ್ಮ ಸೊಪ್ಪಿನವಳು ಮಾಡಿದ್ದರೆ ಸಂತೆಯಲ್ಲಿ ಹೆಣ ಬೀಳುತ್ತಿತ್ತು.

*

ನಮ್ಮವ್ವನಿಗೆ ಎಂಬತ್ತೈದು. ಕಣ್ಣು ಮಂಜು, ಕಿವಿ ಮಾತ್ರ ಬೇಡದ್ದಕ್ಕೆಲ್ಲ ಚುರುಕು. ಅಕ್ಕಿ ಮೂಟೆ, ಬೇಳೆ ಚೀಲ, ಹದಿನೈದು ಲೀಟರಿನ ಎಣ್ಣೆ ಡಬ್ಬ, ಹತ್ತು ಕೇಜಿ ರಾಗಿಹಿಟ್ಟಿನ ಪೊಟ್ಟಣ, ಎಲ್ಲವನ್ನೂ ಕೋಲಿನಿಂದ ಒಂದೊಂದಾಗಿ ತಟ್ಟಿ ನೋಡಿದಳು. ಹಿಟ್ಟಿನ ಮುಂದೆ ಕೋಲು ನಿಂತಿತು.

“ಇದೇನ್ಲಾ?”

“ರಾಗಿಹಿಟ್ಟು ಕನವ್ವ. ಹತ್ತು ಕೇಜಿಗೆ ಎರಡು ಕೇಜಿ ಫ್ರೀ.”

“ರಾಗಿ ಮಡಿಕ್ಕತಾರೆ ಕನ್ಲಾ, ಇಟ್ಟು ಮಡಿಕ್ಕತಾರಾ ಯಾರಾರಾ? ಓದ್ಸಿದ್ದು ದಂಡ ಆಯ್ತು.”

ಅವ್ವ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಕಾಳಾಗಿ ಇದ್ದರೆ ರಾಗಿಯಂಥ ಗಟ್ಟಿ ದವಸ ಇನ್ನೊಂದಿಲ್ಲ, ಹುಳ ಕೂಡ ಹತ್ತಿರ ಸುಳಿಯುವುದಿಲ್ಲ. ಹಿಟ್ಟಾದ ದಿನದಿಂದ ಅದಕ್ಕೆ ಮುಪ್ಪು. ಒಂದೂವರೆ ತಿಂಗಳಿಗೆ ನಮ್ಮ ಹಿಟ್ಟು ಮುಗ್ಗಲು ವಾಸನೆ ಹೊಡೆಯಿತು, ಎರಡನೇ ತಿಂಗಳಿಗೆ ಕಹಿ. ಮುದ್ದೆ ತಟ್ಟೆಗೆ ಬಿದ್ದ ಕೂಡಲೇ ಅವ್ವ ಒಂದು ತುತ್ತು ಮುರಿದು, ನುಂಗದೆ, ನನ್ನ ಮುಖ ನೋಡಿದಳು. ಉಳಿದ ಐದು ಕೇಜಿ ಎದುರುಮನೆಯ ಹಸುವಿಗೆ ಹೋಯಿತು. ಅದಕ್ಕೆ ಬೂಸ ಕಲಸಿ ಕೊಟ್ಟರಂತೆ. ‘ಎರಡು ಕೇಜಿ ಫ್ರೀ’ಯ ಫಲಾನುಭವಿ ಅದೊಂದೇ.

ಸಗಟು ವ್ಯವಹಾರವನ್ನು ನಾವೇನೋ ಹೊಸದಾಗಿ ಕಂಡುಹಿಡಿದವರಂತೆ ಆಡುತ್ತೇವೆ. ಅವ್ವನ ತವರಿನಲ್ಲಿ ಹಗೇವು ಇತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಗಟ್ಟಿ ನೆಲ ನೋಡಿ ಆಳವಾಗಿ ತೋಡಿದ ಗುಂಡಿ, ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಒಳಗೆ ಸುತ್ತ ಹುಲ್ಲು ಒತ್ತಿ, ರಾಗಿ ಸುರಿದು, ಮೇಲೆ ಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ ಜಾಗ, ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಒಂದು ಬರ ಬಂದರೂ ಮನೆ ಅಲ್ಲಾಡುತ್ತಿರಲಿಲ್ಲ. ಆದರೆ ತೆಗೆದ ಕೂಡಲೇ ಇಳಿಯುವ ಹಾಗಿಲ್ಲ. ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ಬಾಯಿ ತೆರೆದಿಟ್ಟು ಕಾದು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಇಳಿಯಬೇಡ, ಉರಿದರೆ ಇಳಿ. ದೀಪ ನೋಡದೆ ಇಳಿದು ಸತ್ತವರ ಕಥೆಗಳನ್ನು ಅವ್ವ ಇವತ್ತಿಗೂ ಹೇಳುತ್ತಾಳೆ.

ಮನೆಯೊಳಗೆ ಮಣ್ಣಿನ ವಾಡೆ, ಆಳೆತ್ತರ. ಹುಣಸೆಹಣ್ಣು ಬೀಜ ಬಿಡಿಸಿ ಉಪ್ಪು ಹಾಕಿ ಮಡಕೆಗೆ. ಅವರೆಗೆ ಬೂದಿ. ತೊಗರಿಗೆ ಕೆಮ್ಮಣ್ಣು. ಸಂದಿಯಲ್ಲಿ ಬೇವಿನಸೊಪ್ಪು. ಅಳತೆಗೆ ಪಾವು, ಅಚ್ಚೇರು, ಸೇರು. ದೊಡ್ಡ ಲೆಕ್ಕಕ್ಕೆ ನೂರು ಸೇರಿನ ಪಲ್ಲ. ಆದರೆ ಒಂದು ಗಮನಿಸಿ. ಅವರು ಕೂಡಿಟ್ಟದ್ದು ಕೂಡಿಟ್ಟರೆ ನಿಲ್ಲುವುದನ್ನು ಮಾತ್ರ. ವಾಡೆಯಿಂದ ತೆಗೆಯುವವಳು ಒಬ್ಬಳೇ, ಮನೆಯ ಹಿರೇಹೆಂಗಸು. ಅವಳ ಸೇರಿನ ಮೇಲೆ ಯಾರ ಕೈಯೂ ಇರುತ್ತಿರಲಿಲ್ಲ. ನಾವು ಮೂಟೆ ತಂದೆವು, ವಾಡೆಯನ್ನು ತರಲಿಲ್ಲ. ಅಡುಗೆಮನೆಯಲ್ಲಿ ಜಾಗವಿಲ್ಲದೆ ಅಕ್ಕಿಮೂಟೆ ಟಿವಿ ಪಕ್ಕದಲ್ಲಿ ಕೂತಿತು. ಬಂದವರೆಲ್ಲ ಅದನ್ನು ಸೋಫಾ ಅಂದುಕೊಂಡು ಅದರ ಮೇಲೇ ಕೂತರು.

ಎಣ್ಣೆ ಡಬ್ಬದ ಕಥೆ ಇನ್ನೂ ಚೆನ್ನಾಗಿದೆ. ನಾಲ್ಕು ಜನರ ಮನೆಗೆ ತಿಂಗಳಿಗೆ ಎರಡೂವರೆ ಲೀಟರು ಸಾಕಾಗುತ್ತಿತ್ತು. ಹದಿನೈದು ಲೀಟರೆಂದರೆ ಆರು ತಿಂಗಳು ಬರಬೇಕು. ಬಂದದ್ದು ನಾಲ್ಕೇ ತಿಂಗಳು. ಎಣ್ಣೆ ಎಲ್ಲಿ ಹೋಯಿತು? ಯಾರೂ ಕದ್ದಿಲ್ಲ. ಪ್ಯಾಕೆಟ್ಟಿನಲ್ಲಿದ್ದಾಗ ಮೂಲೆ ಕತ್ತರಿಸಿ, ಕೊನೆಗೆ ಅದನ್ನು ಉಲ್ಟಾ ನೇತುಹಾಕಿ, ಹನಿ ಹನಿ ಇಳಿಸುತ್ತಿದ್ದವಳು ಡಬ್ಬ ಬಂದ ಮೇಲೆ ಸೌಟಿನಲ್ಲಿ ಹಾಕತೊಡಗಿದಳು. ಒಗ್ಗರಣೆಯಲ್ಲಿ ಸಾಸಿವೆ ಈಜಾಡಿತು. ನಾನೂ ಸಂಜೆ ನಾಲ್ಕಾದರೆ “ಮೆಣಸಿನಕಾಯಿ ಬಜ್ಜಿ ಹಾಕಬಹುದಿತ್ತು, ಎಣ್ಣೆ ಹೇಗೂ ಇದೆಯಲ್ಲ” ಎನ್ನತೊಡಗಿದೆ. ಆ ‘ಹೇಗೂ ಇದೆಯಲ್ಲ’ ಇದೆ ನೋಡಿ, ಅದರ ಬೆಲೆ ಯಾವ ಬಿಲ್ಲಿನಲ್ಲೂ ಬರುವುದಿಲ್ಲ. ಲೆಕ್ಕ ಹಾಕಿದೆ: ಪ್ಯಾಕೆಟ್ಟು ಲೀಟರಿಗೆ 150, ಡಬ್ಬದಲ್ಲಿ 142 ಬಿದ್ದಿತ್ತು. ಲೀಟರಿಗೆ ಎಂಟರಂತೆ ಉಳಿದದ್ದು 120 ರೂಪಾಯಿ. ನಾಲ್ಕು ತಿಂಗಳಿಗೆ ಹತ್ತು ಲೀಟರು ಸಾಕಿತ್ತು, ಸುಟ್ಟದ್ದು ಹದಿನೈದು. ಹೆಚ್ಚು ಸುಟ್ಟ ಐದು ಲೀಟರಿಗೆ 710 ರೂಪಾಯಿ. ಇದರ ಮೇಲೆ ಡಾಕ್ಟರು ನನ್ನ ಕೊಲೆಸ್ಟ್ರಾಲ್ ರಿಪೋರ್ಟು ನೋಡಿ ಕನ್ನಡಕ ತೆಗೆದಿಟ್ಟರು.

“ಎಣ್ಣೆ ಏನು ಬಳಸ್ತೀರಿ?”

“ಸೂರ್ಯಕಾಂತಿ, ಸರ್.”

“ಎಷ್ಟು?”

ನಮ್ಮಾಕೆ ನನ್ನ ಕಾಲು ತುಳಿದಳು.

*

ಪಕ್ಕದ ಮನೆಯ ಚಿಕ್ಕಪ್ಪ ದಿನಾ ಪೇಪರು ಪೂರ್ತಿ ಓದುವ ಮನುಷ್ಯ. 2023ರ ಜೂನಿನಲ್ಲಿ ಕೇಂದ್ರ ಸರ್ಕಾರ ತೊಗರಿಗೂ ಉದ್ದಿಗೂ ದಾಸ್ತಾನು ಮಿತಿ ಹಾಕಿತ್ತು: ಸಗಟು ವ್ಯಾಪಾರಿ 200 ಟನ್ನಿಗಿಂತ, ಚಿಲ್ಲರೆ ಅಂಗಡಿ 5 ಟನ್ನಿಗಿಂತ ಹೆಚ್ಚು ಇಡುವ ಹಾಗಿಲ್ಲ. ಅದನ್ನು ನೆನಪಿಟ್ಟುಕೊಂಡಿದ್ದವರು ನಮ್ಮ ಬೇಳೆ ಚೀಲ ಕಂಡಾಗಲೆಲ್ಲ “ನಿಮ್ಮನೇಗೆ ರೈಡ್ ಆಯ್ತದೆ ಕನ್ಲಾ, ಉಸಾರು” ಎನ್ನುವರು. ರೈಡ್ ನಿಜವಾಗಿಯೂ ಆಯಿತು, ಅಧಿಕಾರಿಗಳಿಂದಲ್ಲ. ಸಾಮಾನು ತುಂಬಿದ ಮನೆ ಎಂದು ಹೆಸರಾದ ಮೇಲೆ ಕೇರಿಯ ಲೋಟಗಳೆಲ್ಲ ನಮ್ಮ ಬಾಗಿಲಿಗೇ ಬಂದವು. “ಅಕ್ಕ, ಒಂದ್ ಲೋಟ ಬೇಳೆ. ನೆಂಟ್ರು ಬಂದವ್ರೆ.” “ಅತ್ತೆ, ಒಸಿ ಎಣ್ಣೆ.” ಬೆಳಿಗ್ಗೆ ತೆಗೆದುಕೊಂಡು ಹೋದ ಲೋಟ ವಾಪಸ್ ಬರುವಾಗ ಯಾವಾಗಲೂ ಒಂದು ಬೆರಳು ಕಡಿಮೆ. ಕೇಳಿದರೆ ಚಿಲ್ಲರೆ ಬುದ್ಧಿ ಎನ್ನುತ್ತಾರೆ. ಸಗಟು ತಂದವನು ಸಗಟು ಮನಸ್ಸನ್ನೂ ಇಟ್ಟುಕೊಂಡಿರಬೇಕು ಎಂಬುದು ಕೇರಿಯ ಕಾನೂನು.

ಇನ್ನು ಬೆಲ್ಲ. ಮಾಘದಲ್ಲಿ ಆಲೆಮನೆಗೆ ಹೋಗಿದ್ದೆ, ಮೊಮ್ಮಕ್ಕಳಿಗೆ ತೋರಿಸೋಣವೆಂದು. ಕೊಪ್ಪರಿಗೆಯಲ್ಲಿ ಪಾಕ ಕುದಿಯುವ ಆ ವಾಸನೆಗೆ ಮನುಷ್ಯನ ಬುದ್ಧಿ ಅರ್ಧ ಕರಗುತ್ತದೆ. ಅಂಗಡಿಗಿಂತ ಎಷ್ಟೋ ಅಗ್ಗ, ಕಣ್ಣೆದುರೇ ಮಾಡಿದ್ದು, ಬಿಸಿಬಿಸಿ ಅಚ್ಚು. ಇಪ್ಪತ್ತು ಕೇಜಿ ಹೊತ್ತು ತಂದೆ. ಯುಗಾದಿಯವರೆಗೆ ರಾಜನ ಹಾಗಿತ್ತು. ಮುಂಗಾರು ಹಿಡಿದ ಮೇಲೆ ಬೆವರಿತು, ಆಮೇಲೆ ಅತ್ತಿತು, ಕೊನೆಗೆ ಡಬ್ಬದ ತಳದಲ್ಲಿ ಹರಿಯಿತು. ಆಗ ಇರುವೆ ಬಂದವು.

ನಮ್ಮೂರಿನ ಇರುವೆಗೂ ಇತಿಹಾಸ ಗೊತ್ತಿದೆ ಎಂದು ನನಗೆ ಅನುಮಾನ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆದದ್ದು ಇದೇ ಮದ್ದೂರಿನ, ಆ ಸತ್ಯಾಗ್ರಹ ಸೌಧವಿರುವ ಶಿವಪುರದಲ್ಲಿ, ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ. ಬಾವುಟ ಹಾರಿಸಕೂಡದೆಂದು ಸರ್ಕಾರದ ನಿಷೇಧಾಜ್ಞೆ; ಸಾವಿರಾರು ಜನ ಬಂದರು, ಬಾವುಟ ಹಾರಿತು, ಮುಂದಿನವರು ಸೆರೆಯಾದರೆ ಹಿಂದಿನವರು ಮುಂದೆ ಬಂದರು. ನಾನು ನಮ್ಮ ಬೆಲ್ಲದ ಡಬ್ಬದ ಸುತ್ತ ಇರುವೆ ಸೀಮೆಸುಣ್ಣದಿಂದ ಗೆರೆ ಎಳೆದು ನಿಷೇಧಾಜ್ಞೆ ಹೊರಡಿಸಿದೆ. ಮೊದಲ ಸಾಲಿನವು ಗೆರೆಯ ಮೇಲೇ ಬಿದ್ದವು, ಹಿಂದಿನವು ಅವುಗಳ ಮೇಲೆ ಹತ್ತಿ ದಾಟಿದವು. ಅರಿಸಿನ ಹಾಕಿದೆ, ನೀರಿನ ತಟ್ಟೆಯಲ್ಲಿ ಡಬ್ಬ ಇಟ್ಟೆ. ಮೂರನೇ ದಿನ ಬೆಳಿಗ್ಗೆ ಡಬ್ಬದ ಮುಚ್ಚಳದ ಮೇಲೆ ಅಧಿವೇಶನ ನಡೆಯುತ್ತಿತ್ತು. ಊರಿನ ಪರಂಪರೆಗೆ ತಲೆಬಾಗಿ ಬೆಲ್ಲವನ್ನು ಬಿಟ್ಟುಕೊಟ್ಟೆ.

ಇಷ್ಟಾದ ಮೇಲೂ ನಾನು ಸಗಟು ಬೇಡವೆನ್ನುವ ಪಕ್ಷದವನಲ್ಲ. ಅಕ್ಕಿ ಹಳೆಯದಾದಷ್ಟೂ ಅನ್ನ ಉದುರಾಗುತ್ತದೆ, ಅದಕ್ಕೆ ಮೂಟೆ ಸರಿ. ಹುಣಸೆ ಸರಿ. ಮೈಸೋಪು ಒಣಗಿದಷ್ಟೂ ನಿಧಾನ ಕರಗುತ್ತದೆ, ಅದೂ ಸರಿ. ನಾನು ಎಡವಿದ್ದು ಹಿಟ್ಟು, ಬೆಲ್ಲ, ಎಣ್ಣೆಯಲ್ಲಿ. ಅದಕ್ಕಿಂತ ಹೆಚ್ಚಾಗಿ ‘ದೊಡ್ಡದು ಅಗ್ಗ’ ಎಂಬ ನಂಬಿಕೆಯಲ್ಲಿ. ಅದೇ ನಂಬಿಕೆಯಲ್ಲಿ ಒಮ್ಮೆ ದೊಡ್ಡ ಶಾಂಪೂ ಬಾಟಲಿ ತಂದೆ. ಅವ್ವ ಶೆಟ್ಟರಂಗಡಿಯ ಒಂದು ರೂಪಾಯಿ ಸ್ಯಾಷೆ ಬಿಟ್ಟು ಬೇರೆ ಮುಟ್ಟುವವಳಲ್ಲ. ಸುಮ್ಮನೆ ಕುತೂಹಲಕ್ಕೆ ಎರಡರ ಎಂ.ಎಲ್. ಲೆಕ್ಕ ಹಾಕಿದೆ. ಅವ್ವನದೇ ಅಗ್ಗ! ಅಕ್ಷರ ಬಾರದ ಎಂಬತ್ತೈದರ ಮುದುಕಿಯೆದುರು ಗಣಿತದ ಮೇಷ್ಟ್ರು ಬಾಟಲಿ ಹಿಡಿದು ನಿಂತಿದ್ದೆ. ಹೇಳಲಿಲ್ಲ. ಹೇಳಿದ್ದರೆ ಇನ್ನು ಹತ್ತು ವರ್ಷ ಕೇರಿಗೆಲ್ಲ ಹೇಳಿಕೊಂಡು ಬದುಕುತ್ತಿದ್ದಳು. ಒಂದು ರೀತಿಯಲ್ಲಿ ಹೇಳಬೇಕಿತ್ತೇನೋ.

ಈಗ ಪೊಟ್ಟಣಗಳ ಮೇಲೆ ಒಟ್ಟು ಬೆಲೆಯ ಪಕ್ಕದಲ್ಲೇ ಬಿಡಿಬೆಲೆಯನ್ನೂ ಅಚ್ಚು ಹಾಕಬೇಕೆಂಬ ನಿಯಮ ಬಂದಿದೆ. ಮೊದಲು ಎಣ್ಣೆ, ಬಿಸ್ಕತ್ತು, ಟೀಪುಡಿ ಇಂಥವು ಇಂತಿಷ್ಟೇ ತೂಕದಲ್ಲಿ ಬರಬೇಕಿತ್ತು. ಆ ಕಟ್ಟು ಸಡಿಲಿಸಿದ್ದಕ್ಕೆ ಬದಲಾಗಿ ಈ ಬಿಡಿಬೆಲೆ. ಒಳ್ಳೆಯದೇ. ಆದರೆ ಒಂದು ಕೇಜಿಗಿಂತ ಕಡಿಮೆ ಇದ್ದರೆ ಗ್ರಾಮಿಗೆ ಇಷ್ಟು, ಹೆಚ್ಚಿದ್ದರೆ ಕೇಜಿಗೆ ಇಷ್ಟು. ಒಂದರಲ್ಲಿ 0.17, ಇನ್ನೊಂದರಲ್ಲಿ 164. ಅಕ್ಷರವೋ ಅವರೆಯ ಕಣ್ಣಿಗಿಂತ ಚಿಕ್ಕದು. ಎಣ್ಣೆ ಪ್ಯಾಕೆಟ್ಟುಗಳನ್ನು ನೋಡಿ: ಒಂದು ಲೀಟರು ಎಂದರೆ ತೂಕದಲ್ಲಿ ಸುಮಾರು 910 ಗ್ರಾಂ. ಪಕ್ಕದಲ್ಲಿ ಅದೇ ಗಾತ್ರ, ಅದೇ ಬಣ್ಣ, ಅದೇ ನಗುವ ಹೆಂಗಸು, ಒಳಗೆ 850 ಗ್ರಾಂ. ಮೊದಲನೆಯದು 150, ಎರಡನೆಯದು 143. ಏಳು ರೂಪಾಯಿ ಉಳಿಯಿತೆಂದು ಎರಡನೆಯದಕ್ಕೆ ಕೈ ಹಾಕುತ್ತೀರಿ. ಗ್ರಾಮಿನ ಲೆಕ್ಕದಲ್ಲಿ ಅದೇ ದುಬಾರಿ. ನಾನು ಆ ಸಾಲಿನಲ್ಲಿ ಕನ್ನಡಕ ಏರಿಸಿ ಇಳಿಸಿ ಭಾಗಾಕಾರ ಮಾಡುತ್ತ ನಿಂತರೆ ಹಿಂದಿನವರು ಗಾಡಿಯಿಂದ ಹಿಮ್ಮಡಿಗೆ ಗುದ್ದುತ್ತಾರೆ. “ಅಂಕಲ್, ತಗೊಳ್ಳೋದಿದ್ರೆ ತಗೊಳ್ಳಿ.”

*

ನಾನು ಜೀವನದಲ್ಲಿ ಒಂದು ಪೈಸೆ ನಷ್ಟವಿಲ್ಲದೆ ಸಗಟು ಕೊಂಡದ್ದು ಒಂದೇ. ಗುಡ್ಡೆ ಮಾಂಸ.

ಯುಗಾದಿಯ ಮಾರನೇ ದಿನ ವರ್ಷತೊಡಕು. ಅವತ್ತು ಮಂಡ್ಯ ಸೀಮೆಯಲ್ಲಿ ಬಾಡಿಲ್ಲದ ಒಲೆ ಒಲೆಯೇ ಅಲ್ಲ. ನಮ್ಮ ಕೇರಿಯಲ್ಲಿ ವರ್ಷವೆಲ್ಲ ಚೀಟಿ ಕಟ್ಟುತ್ತೇವೆ, ವಾರಕ್ಕಿಷ್ಟು ಎಂದು. ಹಬ್ಬಕ್ಕೆ ಮುಂಚೆ ಇಬ್ಬರು ತಿಳಿದವರು ಹೋಗಿ ಕುರಿ ನೋಡಿ, ಬೆನ್ನು ಹಿಡಿದು, ಹಲ್ಲು ಎಣಿಸಿ, ಇಡೀ ಮರಿಗಳನ್ನೇ ತರುತ್ತಾರೆ. ಬೆಳಗಿನ ಜಾವ ತೆಂಗಿನ ಮರದ ಕೆಳಗೆ ಕೆಲಸ ಶುರು. ಬೆಳಕು ಹರಿಯುವ ಹೊತ್ತಿಗೆ ಬಾಳೆಲೆಯ ಮೇಲೆ ಇಪ್ಪತ್ತನಾಲ್ಕು ಗುಡ್ಡೆ. ಪ್ರತಿ ಗುಡ್ಡೆಗೂ ಇಷ್ಟು ತೊಡೆ, ಇಷ್ಟು ಪಕ್ಕೆ, ಇಷ್ಟು ಈಲಿ, ಒಂದು ಬೋಟಿ ತುಂಡು. ತಕ್ಕಡಿ ಇಲ್ಲ, ಕಣ್ಣಳತೆ. ಹಂಚುವವನು ಈ ಗುಡ್ಡೆಯಿಂದ ಒಂದು ಚೂರು ತೆಗೆದು ಆ ಗುಡ್ಡೆಗಿಟ್ಟು, ಹಿಂದೆ ಸರಿದು ನೋಡಿ, ಮತ್ತೆ ಆ ಚೂರನ್ನೇ ಇನ್ನೊಂದಕ್ಕಿಡುತ್ತಾನೆ. ಆಮೇಲೆ ಒಬ್ಬ ಬೆನ್ನು ತಿರುಗಿಸಿ ನಿಲ್ಲಬೇಕು. “ಇದ್ ಯಾರ್ಗ್ಲಾ?” ಎಂದು ಗುಡ್ಡೆ ತೋರಿಸಿ ಕೇಳಿದರೆ ಅವನು ಬಾಯಿಗೆ ಬಂದ ಹೆಸರು ಹೇಳುತ್ತಾನೆ. ಜಗಳಕ್ಕೆ ಜಾಗವಿಲ್ಲ. ಹೊತ್ತು ನೆತ್ತಿಗೆ ಬರುವ ಮೊದಲು ಎಲ್ಲ ಪಾತ್ರೆಗೆ ಬಿದ್ದಿರುತ್ತದೆ, ಸಂಜೆಗೆ ಮುಗಿದಿರುತ್ತದೆ. ಹುಳ ಹಿಡಿಯಲು, ಮುಗ್ಗಲು, ಕರಗಲು, ಲೋಟ ಹಿಡಿದು ಬರಲು, ಯಾರಿಗೂ ಸಮಯವಿಲ್ಲ. ಅಂಗಡಿಯ ರೇಟಿಗಿಂತ ಕೇಜಿಗೆ ನೂರು ರೂಪಾಯಿಯಾದರೂ ಕಡಿಮೆ ಬೀಳುತ್ತದೆ. ಹೊತ್ತು ತಂದದ್ದು ಮೂವತ್ತು ಹೆಜ್ಜೆ.

ಈ ಸಲವೂ ಗುಡ್ಡೆ ತಂದು ಕೊಟ್ಟು, ಕೈತೊಳೆದು, ಗೆದ್ದವನಂತೆ ಕೂತಿದ್ದೆ. ಅಡುಗೆಮನೆಯಿಂದ ಕೂಗು ಬಂತು.

“ರೀ, ಚಕ್ಕೆ ಲವಂಗ ಮುಗ್ದದೆ.”

ಇಪ್ಪತ್ತಾರು ಕೇಜಿ ಅಕ್ಕಿ ಇದೆ, ಚೀಲ ಬೇಳೆ ಇದೆ, ಡಬ್ಬ ಎಣ್ಣೆ ಇದೆ, ಹತ್ತು ರೂಪಾಯಿಯ ಚಕ್ಕೆ ಲವಂಗ ಇಲ್ಲ. ಶೆಟ್ಟರ ನಾಲಿಗೆಯಲ್ಲಿ ಮಚ್ಚೆ ಇರಬೇಕು. ಅಂಗಡಿ ಅರ್ಧ ಬಾಗಿಲು ತೆಗೆದಿತ್ತು. ತಲೆ ಬಗ್ಗಿಸಿ ಒಳಗೆ ಹೋಗಿ, ಅವರು ನಗುವುದನ್ನು ಕಾಯುತ್ತ ನಿಂತೆ. ನಗಲಿಲ್ಲ. ಡಬ್ಬ ತೆಗೆಯುತ್ತ, ಬಹಳ ಮೆತ್ತಗೆ ಹೇಳಿದರು.

“ಮೇಷ್ಟ್ರೇ, ಒಂದ್ ಮಾತು. ಒಬ್ಬಟ್ಟಿಗೆ ಅಂತ ಇದ್ದಬದ್ದ ತೊಗರಿಬೇಳೆ ಎಲ್ಲ ಹೊರಟೋಯ್ತು. ಹಬ್ಬದ ದಿಸ ನೋಡಿ, ಗಾಡಿ ಬರಲ್ಲ. ಬೆಳಿಗ್ಗೆಯಿಂದ ನಾಲ್ಕು ಜನ ವಾಪಸ್ ಹೋದ್ರು. ನಿಮ್ಮನೇಲಿ ಚೀಲ ಅದಂತಲ್ಲ... ಒಂದೈದು ಕೇಜಿ ಕೊಟ್ಟಿರ್ತೀರಾ? ರೇಟು ನೀವೇ ಹೇಳಿ.”

ಫೋನು ತೆಗೆದು ಮನೆಗೆ ಮಾಡಿದೆ. ವಿಷಯ ಹೇಳಿದೆ. ಆ ಕಡೆ ಒಗ್ಗರಣೆಯ ಸದ್ದು ನಿಂತಿತು.

“ಕೊಡಣ ಬುಡಿ, ಪಾಪ. ಆದ್ರೆ ರೇಟಿಗೆ ಬಸ್ ಚಾರ್ಜೂ ಸೇರ್ಸಿ ಹೇಳಿ.”

“ಯಾರ್ ಬಸ್ ಚಾರ್ಜೇ?”

“ಇಬ್ರುದೂ.”

ಚಕ್ಕೆ ಲವಂಗದ ಪೊಟ್ಟಣ ಕಟ್ಟುತ್ತಿದ್ದ ಶೆಟ್ಟರಿಗೆ ಎಲ್ಲವೂ ಕೇಳಿಸಿರಬೇಕು. ಕಟ್ಟಿದ್ದನ್ನು ಮತ್ತೆ ಬಿಚ್ಚಿ, ಮೇಲೆ ಎರಡು ಏಲಕ್ಕಿ ಹಾಕಿದರು.